ಹನ್ನೊಂದು ದಿನದ ದುಡಿಮೆಗೂ ಸಂಬಳ ಉಂಟು

ಬಟ್ಟೆ ಅಂಗಡಿಯಲ್ಲಿ 11 ದಿನ ದುಡಿದಿದ್ದೀರಿ. ‘ಅದು ಬರೀ ಟ್ರಯಲ್, ಸಂಬಳ ಇಲ್ಲ’ ಎಂದು ಮಾಲೀಕರು ಕೈತೊಳೆದುಕೊಂಡಿದ್ದಾರೆ. ಆ ಮಾತಿಗೆ ಕಾನೂನಿನ ಆಸರೆಯಿಲ್ಲ. ಟ್ರಯಲ್ ಅಥವಾ ಪ್ರೊಬೇಷನ್ ಎಂದರೆ ನಿಮ್ಮನ್ನು ಕಾಯಂ ಮಾಡಬೇಕೋ ಬೇಡವೋ ಎಂದು ನೋಡುವ ಅವಧಿಯೇ ಹೊರತು ಬಿಟ್ಟಿ ಚಾಕರಿಯಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ, ಅವರೇ ತೆಗೆದುಹಾಕಿರಲಿ, ನೀವೇ ರಾಜೀನಾಮೆ ಕೊಟ್ಟಿರಲಿ, ಕೆಲಸ ಕೊನೆಗೊಂಡ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೈಸೇರಬೇಕು.

ಜಗಳಕ್ಕೆ ಹೋಗಬೇಡಿ. ದುಡಿದ ದಿನಗಳ ಲೆಕ್ಕ ಬರೆದು ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲೂ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನೇಮಕಾತಿ ಪತ್ರ ಇಲ್ಲದಿದ್ದರೂ ಹಾಜರಿ ಪುಸ್ತಕದ ಫೋಟೊ, ಮೆಸೇಜುಗಳು, ಜೊತೆಗಿದ್ದವರ ಹೇಳಿಕೆ ನೆರವಾಗುತ್ತವೆ. ಆಮೇಲೂ ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಬಾಕಿ ಕೇಳಲು 3 ವರ್ಷ ಕಾಲಾವಕಾಶವಿದೆ. ಆದರೂ ತಡಮಾಡಿದಷ್ಟೂ ಸಾಕ್ಷ್ಯ ಸವೆಯುತ್ತದೆ.