ಮನೆಯ ಹುಡುಗನಿಗೆ ಮನೋರೋಗ ಬಂದಾಗ



ಮನೆಯಲ್ಲಿ ಒಬ್ಬರಿಗೆ ವಿಷಮಜ್ವರ ಬಂದರೆ ನೆರೆಯವರಿಗೆ ಹೇಳುತ್ತೇವೆ. ಕೈಕಾಲು ಮುರಿದರೆ ರಜೆಯ ಅರ್ಜಿಯಲ್ಲಿ ಕಾರಣವನ್ನು ಸ್ಪಷ್ಟವಾಗಿ ಬರೆಯುತ್ತೇವೆ. ಮನಸ್ಸಿನ ರೋಗ ಬಂದರೆ ಮಾತ್ರ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಒಂದೇ ಖೋಲಿಯಲ್ಲಿ ಐದಾರು ಜನ ಬಾಳುವ ನಮ್ಮಂಥವರ ಮನೆಗಳಲ್ಲಿ, ಆ ಮುಚ್ಚಿದ ಬಾಗಿಲಿನ ಹಿಂದೆ ಹುಡುಗನೂ ಸೊರಗುತ್ತಾನೆ, ಅವನ ತಾಯಿಯೂ ಸೊರಗುತ್ತಾಳೆ. ಈ ರೋಗದಲ್ಲಿ ಕಳೆದುಹೋಗುವ ಒಂದೊಂದು ತಿಂಗಳೂ ಬೆಲೆಯುಳ್ಳದ್ದು. ಅದಕ್ಕಾಗಿ ಈ ಪಾಠ. ಲೇಖಕನು ಲೆಕ್ಕದ ಮೇಜಿನವನೇ ಹೊರತು ವೈದ್ಯನಲ್ಲ. ವೈದ್ಯರು ಮಾಡಬೇಕಾದ್ದನ್ನು ವೈದ್ಯರೇ ಮಾಡಲಿ. ಮನೆಯವರು ಮಾಡಬೇಕಾದ್ದು ಏನು ಎಂಬಷ್ಟನ್ನೇ ಇಲ್ಲಿ ನೋಡೋಣ.

1. ರೋಗದ ಗುರುತು

ಕಠಿಣವಾದ ಮನೋರೋಗಗಳಲ್ಲಿ ಸ್ಕಿಜೋಫ್ರೇನಿಯಾ ಮುಖ್ಯವಾದುದು. ಸುಮಾರು ನೂರು ಜನರಲ್ಲಿ ಒಬ್ಬರಿಗೆ ಬಾಳಿನ ಯಾವುದೋ ಒಂದು ಹಂತದಲ್ಲಿ ಇದು ಬರಬಹುದು. ಸಾಮಾನ್ಯವಾಗಿ ಹದಿನೈದರಿಂದ ಮೂವತ್ತರೊಳಗಿನ ವಯಸ್ಸಿನಲ್ಲಿ, ಅಂದರೆ ಹುಡುಗನು ಓದು ಮುಗಿಸಿ ಕೆಲಸ ಹಿಡಿಯುವ ಕಾಲಕ್ಕೇ, ತಲೆದೋರುತ್ತದೆ. ಹೆಣ್ಣುಮಕ್ಕಳಿಗೂ ಬರುತ್ತದೆ, ಅವರಲ್ಲಿ ಕೆಲವು ವರ್ಷ ತಡವಾಗಿ ಕಾಣಿಸಿಕೊಳ್ಳುವುದುಂಟು.

ಮೊದಮೊದಲು ಇದು ರೋಗವೆಂದೇ ತೋರುವುದಿಲ್ಲ. ಹುಡುಗನು ಗೆಳೆಯರನ್ನು ಬಿಡುತ್ತಾನೆ. ಸ್ನಾನ, ಬಟ್ಟೆಬರೆಯ ಕಡೆಗೆ ಗಮನ ಕೊಡುವುದಿಲ್ಲ. ರಾತ್ರಿ ನಿದ್ದೆ ಮಾಡುವುದಿಲ್ಲ. ಮನೆಯವರು 'ಸೋಮಾರಿ' ಎನ್ನುತ್ತಾರೆ. ಮುಂದೆ, ಯಾರೂ ಆಡದ ಮಾತು ಅವನ ಕಿವಿಗೆ ಕೇಳತೊಡಗುತ್ತದೆ. ನೆರೆಯವರು ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ, ಊಟದಲ್ಲಿ ವಿಷ ಬೆರೆಸಿದ್ದಾರೆ ಎಂದು ಗಟ್ಟಿಯಾಗಿ ನಂಬುತ್ತಾನೆ. ಅವನು ನಟಿಸುತ್ತಿಲ್ಲ. ನಮಗೆ ರೈಲಿನ ಸದ್ದು ಎಷ್ಟು ನಿಜವೋ ಅವನಿಗೆ ಆ ಧ್ವನಿ ಅಷ್ಟೇ ನಿಜ.

2. ಕಾರಣ

ತಂದೆತಾಯಿಗಳ ಬೆಳೆಸುವಿಕೆಯ ತಪ್ಪಿನಿಂದ ಈ ರೋಗ ಬರುವುದಿಲ್ಲ, ಮಾಟದಿಂದಲೂ ಬರುವುದಿಲ್ಲ. ಇದು ಮಿದುಳಿನ ಕೆಲಸದಲ್ಲಿ ಆಗುವ ಏರುಪೇರು. ವಂಶದ ಪಾಲು ಸ್ವಲ್ಪ ಉಂಟು: ತಂದೆಗೋ ತಾಯಿಗೋ ಒಡಹುಟ್ಟಿದವರಿಗೋ ರೋಗವಿದ್ದರೆ ನೂರಕ್ಕೆ ಒಂದರ ಬದಲು ಸುಮಾರು ಹತ್ತರಷ್ಟು ಸಂಭವ. ಅಂದರೆ ಅಂಥ ಮನೆಯಲ್ಲೂ ನೂರಕ್ಕೆ ತೊಂಬತ್ತು ಮಂದಿಗೆ ಇದು ಬರುವುದಿಲ್ಲ ಎಂಬುದನ್ನು ನೆನಪಿಡಬೇಕು. ಎಳೆಯ ವಯಸ್ಸಿನಲ್ಲಿ ಗಾಂಜಾ ಸೇದುವುದು ಈ ಅಪಾಯವನ್ನು ಹೆಚ್ಚಿಸುತ್ತದೆ.

3. ಎಲ್ಲಿಗೆ ಹೋಗಬೇಕು?

ದೇವರಿಗೆ ಹರಕೆ ಹೊರುವವರು ಹೊರಲಿ, ಅದಕ್ಕೆ ಅಡ್ಡಿಯಿಲ್ಲ. ಆದರೆ ಹರಕೆಗಾಗಿ ವೈದ್ಯರ ಭೇಟಿಯನ್ನು ಮುಂದೂಡಕೂಡದು. ಚಿಕಿತ್ಸೆ ಎಷ್ಟು ಬೇಗ ಮೊದಲಾದರೆ ಗುಣವೂ ಅಷ್ಟು ಚೆನ್ನಾಗಿರುತ್ತದೆ.

ಮುಂಬಯಿಯಲ್ಲಿ ಕೆ.ಇ.ಎಂ., ನಾಯರ್, ಸಾಯನ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಠಾಣೆಯಲ್ಲಿ ದೊಡ್ಡ ಮಾನಸಿಕ ಆಸ್ಪತ್ರೆಯೇ ಇದೆ. ಪುಣೆಯವರಿಗೆ ಸಸೂನ್ ಮತ್ತು ಯರವಡಾ, ಮದ್ರಾಸಿನವರಿಗೆ ಕಿಲ್ಪಾಕ್, ಹೈದರಾಬಾದಿನವರಿಗೆ ಎರ್ರಗಡ್ಡ, ದಿಲ್ಲಿಯವರಿಗೆ ಶಾಹದರಾ ಕಡೆಯ ಇಹಬಾಸ್ ಇವೆ. ಊರ ಕಡೆಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್ ಇದೆ. ಕನ್ನಡದಲ್ಲೇ ಮಾತನಾಡಬೇಕೆಂದರೆ 14416 ಸಂಖ್ಯೆಗೆ ಫೋನು ಮಾಡಬಹುದು. ಇದು 2022ರ ಅಕ್ಟೋಬರಿನಲ್ಲಿ ಸರಕಾರವು ಆರಂಭಿಸಿದ 'ಟೆಲಿ ಮಾನಸ್' ಸೇವೆ. ಹಗಲಿರುಳೂ ಲಭ್ಯ, ಖರ್ಚಿಲ್ಲ.

ಹುಡುಗನು 'ನನಗೇನೂ ರೋಗವಿಲ್ಲ' ಎಂದು ಹಟ ಹಿಡಿಯಬಹುದು. ರೋಗವಿದೆಯೆಂಬ ಅರಿವು ತಪ್ಪುವುದೂ ಈ ರೋಗದ ಲಕ್ಷಣವೇ. ಅವನ ನಂಬಿಕೆಯೊಡನೆ ವಾದಿಸದೆ, ಅವನೇ ಒಪ್ಪುವ ತೊಂದರೆಯನ್ನು ಹಿಡಿಯಿರಿ: 'ತಮ್ಮಾ, ಎಂಟು ದಿನದಿಂದ ನಿನಗೆ ನಿದ್ದೆಯಿಲ್ಲ, ನಿದ್ದೆಗಾಗಿಯಾದರೂ ಒಮ್ಮೆ ತೋರಿಸಿಕೊಂಡು ಬರೋಣ' ಎಂದರೆ ಎಷ್ಟೋ ಮಂದಿ ಹೊರಡುತ್ತಾರೆ. ಇದರಲ್ಲಿ ಸುಳ್ಳೂ ಇಲ್ಲ.

4. ಔಷಧಿ ಮತ್ತು ಒಂದು ವಹಿ

ಈ ರೋಗಕ್ಕೆ ಮೊದಲ ಪರಿಣಾಮಕಾರಿ ಔಷಧಿಯಾದ ಕ್ಲೋರ್‌ಪ್ರೋಮಜೀನ್ 1952ರಲ್ಲಿ ಪ್ಯಾರಿಸಿನಲ್ಲಿ ಬಳಕೆಗೆ ಬಂತು. ಅಲ್ಲಿಂದೀಚೆಗೆ ಹಲವು ಔಷಧಿಗಳು ಬಂದಿವೆ. ಇವು ತಲೆನೋವಿನ ಮಾತ್ರೆಯಂತೆ ಗಳಿಗೆಯಲ್ಲಿ ಕೆಲಸ ಮಾಡುವುದಿಲ್ಲ. ನಿದ್ದೆ, ಕಳವಳ ಕೆಲವು ದಿನಗಳಲ್ಲಿ ಸುಧಾರಿಸಬಹುದು. ಧ್ವನಿ, ಸಂಶಯಗಳು ತಗ್ಗಲು ನಾಲ್ಕಾರು ವಾರ ಬೇಕಾಗಬಹುದು. ತೂಕಡಿಕೆ, ಕೈನಡುಕ, ಮೈ ಬಿಗಿತ, ಒಂದೆಡೆ ಕೂರಲಾಗದ ಚಡಪಡಿಕೆ, ಮೈತೂಕ ಏರುವುದು ಇವು ಔಷಧಿಯ ಅಡ್ಡಪರಿಣಾಮಗಳಾಗಿರಬಹುದು. ವೈದ್ಯರಿಗೆ ತಿಳಿಸಿದರೆ ಅವರು ಪ್ರಮಾಣವನ್ನೋ ಔಷಧಿಯನ್ನೋ ಬದಲಿಸುತ್ತಾರೆ. ಮನೆಯವರೇ ನಿಲ್ಲಿಸಕೂಡದು.

'ಗುಣವಾಯಿತಲ್ಲ, ಇನ್ನೇಕೆ ಮಾತ್ರೆ?' ಎಂದು ಬಿಡುವುದೇ ರೋಗ ಮರುಕಳಿಸಲು ದೊಡ್ಡ ಕಾರಣ. ಮೊದಲ ಸಲದ ರೋಗವಾದರೂ ಗುಣ ಕಂಡ ಮೇಲೆ ಒಂದೆರಡು ವರ್ಷ ಔಷಧಿ ನಡೆಯಬೇಕಾಗುತ್ತದೆ. ಕೆಲವರಿಗೆ ಬಹುಕಾಲ ಬೇಕಾಗುತ್ತದೆ. ದಿನವೂ ನುಂಗಲು ಬೇಸರಪಡುವವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಚುಚ್ಚುಮದ್ದೂ ಉಂಟು; ಅದನ್ನು ಕೇಳಿ ನೋಡಿರಿ.

ಗುಮಾಸ್ತರಾದ ನಮಗೆ ಒಂದು ಕೆಲಸ ಚೆನ್ನಾಗಿ ಬರುತ್ತದೆ: ದಾಖಲೆ ಇಡುವುದು. ಎಂಟಾಣೆ ಲೆಕ್ಕವನ್ನೂ ತಪ್ಪದೆ ಬರೆಯುವವರು ಮನೆಯ ರೋಗಿಗಾಗಿ ಒಂದು ಸಣ್ಣ ವಹಿಯನ್ನು ಇಡಲಾರೆವೇ? ತಾರೀಖು, ಎಷ್ಟು ತಾಸು ನಿದ್ದೆ, ಮಾತ್ರೆ ತೆಗೆದುಕೊಂಡನೇ, ಊಟ ಹೇಗೆ, ಹೊಸದಾಗಿ ಕಂಡದ್ದು ಏನು ಎಂದು ದಿನಕ್ಕೆ ಎರಡು ಸಾಲು ಸಾಕು. ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ನಮಗೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಈ ವಹಿಯು ಹತ್ತು ಮಾತಿನ ಕೆಲಸ ಮಾಡುತ್ತದೆ. ಹಿಂದಿನ ಸಲ ರೋಗ ಮರುಕಳಿಸುವ ಮುನ್ನ ಏನು ಕಂಡಿತ್ತು ಎಂಬುದೂ ಇದರಿಂದಲೇ ತಿಳಿಯುತ್ತದೆ. ಹಲವರಲ್ಲಿ ನಿದ್ದೆ ಕೆಡುವುದೇ ಮೊದಲ ಸೂಚನೆ. ಈ ವಹಿಯನ್ನು ಹುಡುಗನಿಗೆ ತಿಳಿಸಿಯೇ ಇಡಿರಿ. ಗುಟ್ಟಾಗಿ ಬರೆದದ್ದು ಅವನ ಕಣ್ಣಿಗೆ ಬಿದ್ದರೆ ಸಂಶಯಕ್ಕೆ ಎಣ್ಣೆ ಎರೆದಂತಾಗುತ್ತದೆ.

5. ಮನೆಯ ಮಾತು

ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1950ರ ದಶಕದ ಕೊನೆಯಿಂದ ಒಂದು ವಿಷಯವನ್ನು ಪರೀಕ್ಷಿಸಿದರು. ಆಸ್ಪತ್ರೆಯಿಂದ ಗುಣವಾಗಿ ಹೋದವರಲ್ಲಿ ಕೆಲವರು ಬೇಗನೆ ಮರಳಿ ಬರುವುದೇಕೆ? ಎಡೆಬಿಡದ ಆಕ್ಷೇಪಣೆ, ಹಗೆತನ, ಇಲ್ಲವೆ ಅತಿಯಾದ ಆತಂಕದಿಂದ ಹುಡುಗನನ್ನು ಉಸಿರಾಡಗೊಡದ ಕಾವಲು ಇದ್ದ ಮನೆಗಳಲ್ಲಿ ರೋಗವು ಹೆಚ್ಚಾಗಿ ಮರುಕಳಿಸುತ್ತಿತ್ತು. ಅಂಥ ಮನೆಯವರೊಡನೆ ವಾರಕ್ಕೆ 35 ತಾಸಿಗಿಂತ ಹೆಚ್ಚು ಹೊತ್ತು ಎದುರುಬದುರಾಗಿ ಕಳೆಯುವವರಿಗೆ ಅಪಾಯ ಇನ್ನೂ ಹೆಚ್ಚು ಎಂದು 1976ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದರು. ಚಂಡೀಗಢದ ಮನೆಗಳಲ್ಲಿ ನಡೆದ ಇಂಥದೇ ಅಭ್ಯಾಸದ ಫಲ 1987ರಲ್ಲಿ ಪ್ರಕಟವಾಯಿತು. ಅಲ್ಲಿ ಚುಚ್ಚುಮಾತು ಲಂಡನ್ನಿಗಿಂತ ಕಡಿಮೆಯೆಂದು ಕಂಡುಬಂದಿತು. ನಮ್ಮ ಕುಟುಂಬಗಳಲ್ಲಿ ಆ ಶಕ್ತಿ ಉಂಟು ಎಂದಾಯಿತು. ಅದನ್ನು ಕೆಡಿಸಿಕೊಳ್ಳಬಾರದು.

ಆದುದರಿಂದ ಮಾತು ಚಿಕ್ಕದಾಗಿರಲಿ, ಮೆಲ್ಲಗಿರಲಿ. 'ನಿನ್ನ ವಯಸ್ಸಿನವರೆಲ್ಲ ಗಳಿಸುತ್ತಿದ್ದಾರೆ' ಎನ್ನಬೇಡಿರಿ. ಅವನಿಗೆ ಧ್ವನಿ ಕೇಳಿಸಿದರೆ 'ಹೌದು' ಎನ್ನಲೂ ಬೇಡಿರಿ, 'ಹುಚ್ಚು' ಎಂದು ನಗಲೂ ಬೇಡಿರಿ. 'ನನಗೆ ಆ ಧ್ವನಿ ಕೇಳಿಸುವುದಿಲ್ಲ ಮಗಾ. ಆದರೆ ನಿನಗೆ ಹೆದರಿಕೆಯಾಗುತ್ತಿದೆ ಎಂಬುದು ಗೊತ್ತಾಗುತ್ತದೆ. ನಾನು ಇಲ್ಲೇ ಇದ್ದೇನೆ' ಎಂದರೆ ಸಾಕು. ಒಮ್ಮೆಗೆ ಒಂದೇ ಕೆಲಸ ಹೇಳಿರಿ: ಇಂದು ನೀರು ತುಂಬುವುದು, ಮುಂದಿನ ವಾರ ಅದರ ಜೊತೆಗೆ ತರಕಾರಿ ತರುವುದು. ಮಾಡಿದ್ದನ್ನು ಕಂಡು ಒಳ್ಳೆಯ ಮಾತು ಆಡಿರಿ.

6. ಮೂರು ತಪ್ಪು ದಾರಿಗಳು

ಮೊದಲನೆಯದು ಮದುವೆ. 'ಹೆಂಡತಿ ಬಂದರೆ ಸರಿಹೋಗುತ್ತಾನೆ' ಎಂಬುದು ಔಷಧಿಯಲ್ಲ. ರೋಗವನ್ನು ಮುಚ್ಚಿಟ್ಟು ಮದುವೆ ಮಾಡಿದರೆ ಇಬ್ಬರ ಬಾಳೂ ಕೆಡುತ್ತದೆ. ಗುಣವಾಗಿ ನಿಂತ ಮೇಲೆ, ಎರಡೂ ಕಡೆಯವರಿಗೆ ತಿಳಿಸಿ, ವೈದ್ಯರನ್ನು ಕೇಳಿ ಮಾಡುವ ಮದುವೆಯ ಮಾತು ಬೇರೆ.

ಎರಡನೆಯದು, ಹುಡುಗನೊಬ್ಬನನ್ನೇ ಊರಿಗೆ ಸಾಗಹಾಕುವುದು. ಊರಿನ ಗಾಳಿ ಒಳ್ಳೆಯದೇ. ಆದರೆ ಮಾತ್ರೆ ಯಾರು ಕೊಡುತ್ತಾರೆ, ವೈದ್ಯರು ಎಷ್ಟು ದೂರ, ಇವು ಗೊತ್ತಾಗದೆ ಕಳುಹಿಸಬಾರದು. ಕಳುಹಿಸಲೇಬೇಕಾದರೆ ಔಷಧಿಯ ಚೀಟಿಯನ್ನೂ ವಹಿಯನ್ನೂ ಜೊತೆಗೆ ಕಳುಹಿಸಿರಿ, ಜಿಲ್ಲಾ ಆಸ್ಪತ್ರೆಯನ್ನು ಮೊದಲೇ ವಿಚಾರಿಸಿರಿ.

ಮೂರನೆಯದು ಸರಪಳಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಹತ್ತಿದಾಗ, ಕಟ್ಟಿಹಾಕಿದ್ದ ಮನೋರೋಗಿಗಳು ಓಡಲಾರದೆ ಸುಟ್ಟುಹೋದರು. ಸತ್ತವರು 28 ಮಂದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯದೆಯು ಮನೋರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಪೂರ್ತಿಯಾಗಿ ನಿಷೇಧಿಸಿದೆ.

7. ಅಪಾಯದ ಗಳಿಗೆ

ಈ ರೋಗದವರೆಲ್ಲ ಹೊಡೆಯುವವರು ಎಂಬುದು ಸುಳ್ಳು. ಅವರಲ್ಲಿ ಬಹುಮಂದಿ ಯಾರಿಗೂ ಕೇಡು ಮಾಡುವವರಲ್ಲ. ಹೆಚ್ಚು ಭಯಪಡಬೇಕಾದ್ದು ಅವರ ಜೀವಕ್ಕೇ. 'ನಾನು ಇದ್ದು ಏನು ಪ್ರಯೋಜನ' ಎಂಬ ಮಾತು ಬಂದರೆ ಹಗುರಾಗಿ ತೆಗೆದುಕೊಳ್ಳಬೇಡಿರಿ. 'ಸಾಯುವ ಯೋಚನೆ ಬರುತ್ತದೆಯೇ?' ಎಂದು ನೇರವಾಗಿ ಕೇಳಿರಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವನನ್ನು ಒಂಟಿಯಾಗಿ ಬಿಡಬೇಡಿರಿ, ಮಾತ್ರೆಗಳನ್ನು ಬೀಗದಲ್ಲಿಡಿರಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತಿಗೆ 112 ಸಂಖ್ಯೆ ಉಂಟು.

8. ನಮಗೆ ಸಲ್ಲುವ ಹಕ್ಕು

2016ರ ಅಂಗವಿಕಲರ ಹಕ್ಕುಗಳ ಕಾಯದೆಯು ಮನೋರೋಗವನ್ನೂ ಅಂಗವಿಕಲತೆಗಳ ಪಟ್ಟಿಯಲ್ಲಿ ಸೇರಿಸಿದೆ. ಬಹುಕಾಲ ಗುಣವಾಗದೆ ಉಳಿದವರಲ್ಲಿ ವಿಕಲತೆಯು ನೂರಕ್ಕೆ 40 ಅಥವಾ ಹೆಚ್ಚು ಎಂದು ಆಸ್ಪತ್ರೆಯ ಪ್ರಮಾಣಪತ್ರ ದೊರೆತರೆ ಹಲವು ಸೌಲಭ್ಯಗಳಿಗೆ ಅದೇ ಆಧಾರ. ಇ.ಎಸ್.ಐ. ಇರುವ ಕೆಲಸಗಾರನ ಮಗ ಅಥವಾ ಮಗಳು ರೋಗದಿಂದ ಅಶಕ್ತರಾಗಿ ಪೂರ್ತಿ ಅವನನ್ನೇ ಅವಲಂಬಿಸಿದ್ದರೆ, ವಯಸ್ಸು ಮೀರಿದರೂ ಕುಟುಂಬದವರೆಂದೇ ಎಣಿಕೆ. ಭವಿಷ್ಯನಿಧಿಯ 1995ರ ಪಿಂಚಣಿ ಯೋಜನೆಯಲ್ಲೂ, ಸದಸ್ಯನು ತೀರಿಕೊಂಡರೆ ಸಂಪೂರ್ಣವಾಗಿ, ಶಾಶ್ವತವಾಗಿ ಅಶಕ್ತರಾದ ಮಕ್ಕಳಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿ ಉಂಟು. 'ನನ್ನ ನಂತರ ಇವನ ಗತಿಯೇನು?' ಎಂದು ರಾತ್ರಿ ನಿದ್ದೆಗೆಡುವ ತಂದೆಯು ಹಗಲು ಹೊತ್ತಿನಲ್ಲಿ ಈ ಕಾಗದಗಳನ್ನು ಸರಿಮಾಡಿಟ್ಟುಕೊಳ್ಳಬೇಕು. ಅರ್ಜಿ ತುಂಬಲು ನೆರವು ಬೇಕಾದವರಿಗೆ ನಮ್ಮ ವಾಚನಾಲಯದ ಸ್ವಯಂಸೇವಕರು ತುಂಬಿಕೊಡುತ್ತಾರೆ. ಕಾರಣವನ್ನು ಹೊರಗೆ ಆಡುವುದಿಲ್ಲ.

9. ಆರೈಕೆ ಮಾಡುವವರ ಆರೈಕೆ

1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಅವರು ರೋಗಿಗಳ ಮನೆಯವರನ್ನು ಆವರಣದಲ್ಲೇ ಗುಡಾರ ಹಾಕಿ ಇರಿಸಿಕೊಂಡರು. ರೋಗಿಯ ಬಳಿ ಇದ್ದು ಆರೈಕೆ ಕಲಿತರು. ಮನೆಮನೆಯವರು ಪರಸ್ಪರ ಮಾತನಾಡಿಕೊಂಡರು. ರೋಗಿಗಳು ಬೇಗ ಮನೆ ಸೇರಿದರು. ಇದರಿಂದ ಕಲಿಯಬೇಕಾದ್ದು ಒಂದೇ: ಈ ಭಾರವನ್ನು ಒಬ್ಬರೇ ಹೊರಬಾರದು. ತಾಯಿಗೆ ವಾರಕ್ಕೊಂದು ಮಧ್ಯಾಹ್ನವಾದರೂ ಬಿಡುವು ಸಿಗುವಂತೆ ಅಣ್ಣನೋ ಚಿಕ್ಕಪ್ಪನೋ ಸರದಿ ಹಿಡಿಯಬೇಕು. ಮನೆಯ ಉಳಿದ ಮಕ್ಕಳಿಗೂ 'ಅಣ್ಣನಿಗೆ ಕಾಯಿಲೆ, ನಿಮ್ಮ ತಪ್ಪಲ್ಲ' ಎಂದು ಸರಳವಾಗಿ ಹೇಳಬೇಕು.

ಒಂದೇ ಖೋಲಿಯ ಮನೆಯಲ್ಲಿ ಹುಡುಗನಿಗೂ ಮನೆಯವರಿಗೂ ದಿನಕ್ಕೆ ಒಂದೆರಡು ತಾಸು ಪರಸ್ಪರ ಬಿಡುವು ಬೇಕು ಎಂದು ಮೇಲೆ ಕಂಡೆವಷ್ಟೆ. ಅದಕ್ಕೆ ಈ ವಾಚನಾಲಯದ ಬೆಂಚು ಇದೆ. ಕರೆತನ್ನಿರಿ. ಅವನು ಪತ್ರಿಕೆ ಓದಲಿ, ಓದದೆ ಸುಮ್ಮನೆ ಕೂತಿರಲಿ. ಇಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತ ಓದುಗರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ: ಅವನು ತನ್ನಷ್ಟಕ್ಕೆ ಗೊಣಗಿಕೊಂಡರೆ ಎದ್ದು ಹೋಗಬೇಡಿರಿ, ಒಂದು ಪುಟ ಅವನ ಕಡೆಗೂ ಸರಿಸಿರಿ.