ಇಲಿ ಹಿಕ್ಕೆಗೆ ಒಣ ಪೊರಕೆ ಬೇಡ

ರಾಗಿ ಕಣದ ಕೆಲಸ ಮುಗಿಯುವ ಹೊತ್ತಿಗೆ ಬೈರಮಂಗಲ ಕೆರೆ ಸುತ್ತಿನ ಊರುಗಳಿಂದ ಬರುವ ದೂರು ಒಂದೇ: ಪಾಷಾಣ ಇಟ್ಟರೂ ಇಲಿ ಮುಟ್ಟುತ್ತಿಲ್ಲ. ಮುಟ್ಟುವುದಾದರೂ ಹೇಗೆ? ಮೊದಲ ದಿನವೇ ವಿಷ ಇಟ್ಟರೆ, ಚೂರು ತಿಂದು ಬದುಕಿದ ಇಲಿ ಮತ್ತೆ ಅತ್ತ ಸುಳಿಯುವುದಿಲ್ಲ.

ಸಂಜೆ ಬಿಲಗಳನ್ನೆಲ್ಲ ಮಣ್ಣು ಹಾಕಿ ಮುಚ್ಚಿ. ಬೆಳಗ್ಗೆ ತೆರೆದಿರುವವು ಮಾತ್ರ ಲೆಕ್ಕಕ್ಕೆ. ಎರಡು ದಿನ ವಿಷವಿಲ್ಲದ ನುಚ್ಚು ಇಡಿ, 98 ಭಾಗ ನುಚ್ಚಿಗೆ 2 ಭಾಗ ಅಡುಗೆ ಎಣ್ಣೆ. ಮೂರನೆಯ ದಿನ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್. ಬಿಲಕ್ಕೆ 10 ಗ್ರಾಂ, ಆಳಕ್ಕೆ. ಕೋಲಿನಲ್ಲೇ ಕಲಸಿ, ನೀರು ಸೋಕಿಸಬೇಡಿ. ತೇವ ತಗುಲಿದರೆ ವಿಷದ ಗಾಳಿ ಏಳುತ್ತದೆ. ಉಳಿದ ಇಲಿಗಳಿಗೆ ಅದೇ ಪಾಷಾಣ ಮತ್ತೆ ಇಟ್ಟು ದಂಡ. ವಾರ ಬಿಟ್ಟು ಶೇ. 0.005ರ ಬ್ರೋಮಾಡಿಯೋಲೋನ್ ತಿನಿಸು, ಬಿಲಕ್ಕೆ 15 ಗ್ರಾಂ. ದಾಸ್ತಾನು ಕೋಣೆಗೆ ಬೋನು ಸಾಕು. ಶಬ್ದ ಮಾಡಿ ಇಲಿ ಓಡಿಸುವ ಯಂತ್ರಕ್ಕೆ ಸಬ್ಸಿಡಿ ಕೇಳುವವರು ಆ ದುಡ್ಡಿಗೆ ಬೋನು ಕೊಳ್ಳಲಿ.

ಇಷ್ಟನ್ನು ಹೇಳಿದರೆ ಮಾಡುತ್ತಾರೆ. ಎಷ್ಟು ಬಡಿದುಕೊಂಡರೂ ಬಿಡದ ಚಾಳಿ ಇನ್ನೊಂದಿದೆ: ಕೋಣೆಯ ಬಾಗಿಲು ಮುಚ್ಚಿಕೊಂಡು ಒಣಗಿದ ಹಿಕ್ಕೆಯನ್ನು ಪೊರಕೆಯಲ್ಲಿ ಗುಡಿಸುವುದು! ಇಲಿಯ ಉಚ್ಚೆ, ಹಿಕ್ಕೆ, ಜೊಲ್ಲಿನಲ್ಲಿರುವ ಹಂಟಾ ವೈರಸ್ ಮನುಷ್ಯನ ಉಸಿರಿಗೆ ಸೇರುವುದು ಆ ದೂಳಿನಲ್ಲೇ.

ನಮ್ಮ ಕಡೆ ಅದೆಲ್ಲಿದೆ ಅನ್ನಬೇಡಿ. 1964ರಲ್ಲಿ ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲಿ ಸೊಂಡಿಲಿಯಿಂದ ಬೇರ್ಪಡಿಸಿದ ತೊಟ್ಟಪಾಳಯಂ ವೈರಸ್ ಇದೇ ಕುಲದ್ದು. ರಾತ್ರಿ ಗೋಡೆ ಬುಡದಲ್ಲಿ ಕೀಚುಗುಟ್ಟುತ್ತ ಓಡುವ, ಗಬ್ಬು ನಾರುವ ಆ ಚೂಪು ಮೂತಿಯದು ಇಲಿ ಜಾತಿಯೇ ಅಲ್ಲ. ಜಿರಲೆ, ಹುಳು ತಿಂದು ಬದುಕುತ್ತದೆ. ವೈರಸ್ ತನ್ನ ನಕಲು ತೆಗೆಯುವಾಗ ಅಷ್ಟಿಷ್ಟು ಬದಲಾಗುತ್ತಲೇ ಇರುತ್ತದೆ. ಹೆಚ್ಚಿನವು ತಮ್ಮ ತಮ್ಮ ಪ್ರಾಣಿಗೇ ಅಂಟಿಕೊಂಡಿದ್ದರೂ, ಬೇರೆ ಬೇರೆ ಜಾತಿಗಳು ಒಂದೇ ಮೂಲೆ ಹಂಚಿಕೊಂಡಲ್ಲಿ ಅಪರೂಪಕ್ಕೊಂದು ಹೊಸ ಮೈಯಲ್ಲಿ ನೆಲೆಯೂರುತ್ತದೆ. ಇಲಿ, ಸೊಂಡಿಲಿ, ಬಾವಲಿ ಮೂರರಲ್ಲೂ ಈ ಕುಲ ಸಿಕ್ಕಿದೆ. ನಿಮಗೆ ಇಷ್ಟು ಶಾಸ್ತ್ರ ಸಾಕು.

ಕೋಣೆಯ ಬಾಗಿಲು, ಕಿಟಕಿ ಅರ್ಧ ಗಂಟೆ ತೆರೆದಿಟ್ಟು ಆಚೆ ನಿಲ್ಲಿ. ರೇಷ್ಮೆ ಹುಳುವಿನ ಮನೆಗೆ ತಂದ ಬ್ಲೀಚಿಂಗ್ ಪುಡಿ ಇದ್ದೇ ಇರುತ್ತದೆ. ಲೀಟರ್ ನೀರಿಗೆ 30 ಗ್ರಾಂ, ಅಂದೇ ಕಲಸಿದ್ದು. ರಭಸವಾಗಿ ಎರಚದೆ, ಹಿಕ್ಕೆ ತೊಯ್ಯುವಂತೆ ಮೆಲ್ಲಗೆ ಸುರಿದು 10 ನಿಮಿಷ ಬಿಡಿ. ಆಮೇಲೆ ಕೈಗವಸು, ಮಾಸ್ಕ್ ಹಾಕಿಕೊಂಡು ಹಳೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನೂ ಹೂಳಿ. ಮುಂದೆ ಜ್ವರ, ಉಬ್ಬಸ ಬಂದರೆ ಇಲಿ ಕೋಣೆ ತೊಳೆದದ್ದನ್ನು ವೈದ್ಯರಿಗೆ ಹೇಳಿ. ಮಿಕ್ಕ ಜಿಂಕ್ ಫಾಸ್ಫೈಡ್ ಬೀಗದೊಳಗಿರಲಿ. ಅದಕ್ಕೆ ಪ್ರತಿವಿಷ ಇಲ್ಲ.