ಶೇಂಗಾ ಚೀಲದ ಪ್ರಯಾಣ

ನಮ್ಮೂರ ಶೇಂಗಾ ಟ್ರ್ಯಾಕ್ಟರ್ ಏರಿ ಚಳ್ಳಕೆರೆ ಮಾರ್ಕೆಟ್‌ಗೆ ಹೋಗುವುದನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿಂದ ಮುಂದೆ ಎಲ್ಲಿಗೆ? ಅಲ್ಲಿನ ಮಿಲ್ಲಿಗೆ ಹೋಗಿ ಎಣ್ಣೆಯಾಗುವುದು ಒಂದು ದಾರಿ. ಬೀಜ ಮಾಡಿ ಹೊರದೇಶಕ್ಕೆ ಕಳಿಸುವುದು ಇನ್ನೊಂದು ದಾರಿ. ಇಂಡೋನೇಷ್ಯಾ, ವಿಯೆಟ್ನಾಂನಂಥ ದೇಶಗಳು ಭಾರತದ ಶೇಂಗಾ ಬೀಜ ಕೊಳ್ಳುತ್ತವೆ. ಈ ಎರಡನೇ ದಾರಿಯ ಪಾಠವನ್ನು ಈ ಸಲ ಬರೆದಿದ್ದೇನೆ.

ಏಳು ಸಲ ಎತ್ತೋದು

ನಮ್ಮ ಮಾವ ಹಮಾಲಿ ಕೆಲಸ ಮಾಡ್ತಾರೆ. ಅವರ ಜೊತೆ ಕೂತು ಲೆಕ್ಕ ಹಾಕಿದೆ. ಹಳೇ ಪದ್ಧತಿಯಲ್ಲಿ ಒಂದು ಚೀಲ ಹಡಗು ಸೇರಬೇಕಾದರೆ ಹೀಗೆ: ಕಣದಿಂದ ಟ್ರ್ಯಾಕ್ಟರ್‌ಗೆ (1), ಮಾರ್ಕೆಟ್‌ನಲ್ಲಿ ಇಳಿಸೋದು (2), ಲಾರಿಗೆ ಏರಿಸೋದು (3), ಸ್ಟೇಷನ್‌ನಲ್ಲಿ ಇಳಿಸೋದು (4), ವ್ಯಾಗನ್ನಿಗೆ ತುಂಬೋದು (5), ಬಂದರಿನಲ್ಲಿ ಇಳಿಸೋದು (6), ಹಡಗಿಗೆ ಏರಿಸೋದು (7).

ಕೊಕ್ಕೆ ಹಾಕಿ ಎಳೆದಾಗ ಚೀಲ ತೂತಾಗುತ್ತದೆ. ಒಂದೊಂದು ಸಲಕ್ಕೆ 100 ಗ್ರಾಂ ಸೋರಿತು ಅಂತ ಇಟ್ಟುಕೊಳ್ಳಿ. ಏಳು ಸಲಕ್ಕೆ 700 ಗ್ರಾಂ. ನೂರು ಚೀಲಕ್ಕೆ 70 ಕೆ.ಜಿ.! ಒಂದು ಚೀಲಕ್ಕೂ ಜಾಸ್ತಿ ನೆಲದ ಪಾಲು.

ರೈಲಿನಲ್ಲೂ ಒಂದು ತೊಡಕಿತ್ತು. ಚಳ್ಳಕೆರೆ ಮೇಲೆ ಹೋಗುವ ಚಿಕ್ಕಜಾಜೂರು–ಬಳ್ಳಾರಿ ಹಳಿ ಮೊದಲು ಮೀಟರ್ ಗೇಜ್ ಆಗಿತ್ತು. ಅಂದರೆ ಹಳಿಗಳ ನಡುವೆ 1000 ಮಿ.ಮೀ. ಬ್ರಾಡ್ ಗೇಜ್‌ನಲ್ಲಿ 1676 ಮಿ.ಮೀ. ಒಂದರ ವ್ಯಾಗನ್ ಇನ್ನೊಂದರ ಮೇಲೆ ಓಡಲ್ಲ. ಗೇಜ್ ಬದಲಾಗುವ ಕಡೆ ಸರಕನ್ನೆಲ್ಲ ಇಳಿಸಿ ಮತ್ತೆ ತುಂಬಬೇಕಿತ್ತು. ಈಗ ನಮ್ಮ ಹಳಿಯೂ ಬ್ರಾಡ್ ಗೇಜ್.

ಕಬ್ಬಿಣದ ಪೆಟ್ಟಿಗೆ

ಅಮೆರಿಕದ ಲಾರಿ ಮಾಲೀಕ ಮಾಲ್ಕಮ್ ಮೆಕ್ಲೀನ್‌ಗೆ ಒಂದು ಉಪಾಯ ಹೊಳೆಯಿತು. ಸರಕನ್ನು ಎತ್ತಿಳಿಸೋದು ಬಿಟ್ಟು, ಸರಕು ತುಂಬಿದ ಪೆಟ್ಟಿಗೆಯನ್ನೇ ಎತ್ತಿಟ್ಟರೆ ಹೇಗೆ? 1956ರ ಏಪ್ರಿಲ್ 26ರಂದು ಅವನ 'ಐಡಿಯಲ್ ಎಕ್ಸ್' ಹಡಗು 58 ಪೆಟ್ಟಿಗೆ ಹೊತ್ತು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಬಿಡಿ ಸರಕು ತುಂಬಲು ಟನ್‌ಗೆ ಸುಮಾರು 5.86 ಡಾಲರ್ ಆಗುತ್ತಿದ್ದದ್ದು ಸುಮಾರು 16 ಸೆಂಟ್‌ಗೆ ಇಳಿಯಿತು. ಇದೇ ಕಂಟೇನರ್. ಸಾಮಾನ್ಯ ಕಂಟೇನರ್ 20 ಅಡಿ ಉದ್ದ, 8 ಅಡಿ ಅಗಲ, ಎಂಟೂವರೆ ಅಡಿ ಎತ್ತರ. ಅಳತೆ ಎಲ್ಲ ದೇಶದಲ್ಲೂ ಒಂದೇ. ಅದಕ್ಕೇ ಲಾರಿ, ರೈಲು, ಹಡಗು ಮೂರರ ಮೇಲೂ ಕೂರುತ್ತದೆ.

ನಮ್ಮ ರಾಜ್ಯಕ್ಕೂ ಇದು ಹೊಸದಲ್ಲ. ಸಮುದ್ರವಿಲ್ಲದ ಬೆಂಗಳೂರಿನಲ್ಲಿ 1981ರಲ್ಲೇ 'ಒಣ ಬಂದರು' ಶುರುವಾಯಿತು. ಈಗ ವೈಟ್‌ಫೀಲ್ಡ್‌ನಲ್ಲಿ ಅಂಥದ್ದಿದೆ. ಸುಂಕದ ತಪಾಸಣೆ ಅಲ್ಲೇ ಮುಗಿದು, ಸೀಲ್ ಬಿದ್ದು, ಪೆಟ್ಟಿಗೆ ರೈಲಿನಲ್ಲಿ ಚೆನ್ನೈ ಬಂದರಿಗೆ ಹೋಗುತ್ತದೆ. ಇನ್ನೊಂದು ಮಜಾ ಕೇಳಿ. ಕೊಂಕಣ ರೈಲ್ವೆ 1999ರಿಂದ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿಕೊಂಡು ಹೋಗುತ್ತಿದೆ. ಮಹಾರಾಷ್ಟ್ರದ ಕೋಲಾಡದಲ್ಲಿ ಹತ್ತಿದ ಲಾರಿ ನಮ್ಮ ಸುರತ್ಕಲ್‌ನಲ್ಲಿ ಇಳಿಯಬಹುದು!

ಮಾಲು ಕೆಟ್ಟರೆ ಯಾರು ಹೊಣೆ?

ಲಾರಿಯವನು ರೈಲಿನವರನ್ನು ತೋರಿಸಿ, ರೈಲಿನವರು ಹಡಗಿನವನನ್ನು ತೋರಿಸಿದರೆ ಮಾಲು ಕಳಿಸಿದವನ ಗತಿಯೇನು? ಅದಕ್ಕೇ 1993ರಲ್ಲಿ ನಮ್ಮ ದೇಶ 'ಬಹುವಿಧ ಸಾಗಣೆ' ಕಾಯ್ದೆ ಮಾಡಿತು. ರಫ್ತು ಮಾಲು ಎರಡು ಮೂರು ಬಗೆಯ ವಾಹನದಲ್ಲಿ ಹೋದರೂ ಒಪ್ಪಂದ ಒಂದೇ, ಕಾಗದ ಒಂದೇ, ಮೊದಲಿಂದ ಕೊನೇ ತನಕ ಹೊಣೆ ಹೊರುವವನು ಒಬ್ಬನೇ. ಬಹುವಿಧ ಸಾಗಣೆಯ ತಿರುಳು ಇದೇ.

ಆದರೆ ನಮ್ಮ ಹೊಣೆಯೂ ಒಂದಿದೆ. ಹಸಿ ಶೇಂಗಾ ತುಂಬಿದರೆ ಮುಚ್ಚಿದ ಪೆಟ್ಟಿಗೆ ಹಗಲು ಕಾಯುತ್ತದೆ, ಒಳಗೆ ತೇವ ಆವಿಯಾಗುತ್ತದೆ. ರಾತ್ರಿ ತಗಡು ತಣ್ಣಗಾದಾಗ ಅದೇ ಆವಿ ಹನಿಯಾಗಿ ಬೀಜದ ಮೇಲೆ ಬೀಳುತ್ತದೆ. ಬೂಷ್ಟು ಹಿಡಿಯುತ್ತದೆ. ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಅದು ಈಲಿ ಕೆಡಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಸತ್ತವು. ಆಗಲೇ ಈ ವಿಷ ಪತ್ತೆಯಾದದ್ದು. ಆದ್ದರಿಂದ ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನೋ ತನಕ ಒಣಗಿಸಬೇಕು. ಬೂಷ್ಟು ಹಿಡಿದದ್ದನ್ನು ನಾವೂ ತಿನ್ನಬಾರದು, ದನಕ್ಕೂ ಹಾಕಬಾರದು.

ಮಾವನ ಪ್ರಶ್ನೆ

ಇದನ್ನೆಲ್ಲ ಓದಿ ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ನಮ್ಮ ಕೂಲಿ ಗತಿ ಏನಪ್ಪಾ ಅಳಿಯಾ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಕಂಟೇನರ್ ಬಂದ ಮೇಲೆ ಬಂದರುಗಳಲ್ಲಿ ಎಷ್ಟೋ ಕೂಲಿಗಳ ಕೆಲಸ ಹೋದದ್ದು ನಿಜ. ಪೆಟ್ಟಿಗೆಗೆ ಮೊದಲ ಸಲ ಚೀಲ ತುಂಬೋಕೆ ಇವತ್ತಿಗೂ ಆಳು ಬೇಕು ಅನ್ನೋದೂ ನಿಜ. ಆದರೆ ಏಳು ಸಲದ ಕೂಲಿ ಬೇರೆ, ಒಂದೆರಡು ಸಲದ ಕೂಲಿ ಬೇರೆ. ಮಾವನ ಬೆನ್ನು ನೋವು ನೋಡಿದರೆ ಭಾರ ಕಡಿಮೆಯಾಗಲಿ ಅನ್ನಿಸುತ್ತದೆ, ಮನೆ ಖರ್ಚು ನೆನೆದರೆ ಭಯವಾಗುತ್ತದೆ. ಗುರುಗಳು ತರಗತಿಯಲ್ಲಿ ಇದನ್ನು ಚರ್ಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮಾಡಿ ನೋಡಿ:
1. ಗಾಜಿನ ಬಾಟಲಿಗೆ ಹಸಿ ಶೇಂಗಾ ಹಾಕಿ, ಮುಚ್ಚಿ, ಬಿಸಿಲಿನಲ್ಲಿಡಿ. ಸಂಜೆ ತಂಪಾದಾಗ ಒಳಗೋಡೆ ನೋಡಿ. ಆ ಶೇಂಗಾ ತಿನ್ನಬೇಡಿ.
2. ನಿಮ್ಮ ಮನೆಗೆ ಬರುವ ಒಂದು ವಸ್ತು ಎಷ್ಟು ಸಲ ಕೈ ಬದಲಾಯಿಸಿದೆ? ಪಟ್ಟಿ ಮಾಡಿ.